ಬಲಗೈ ಎತ್ತಿ, ಆಮೇಲೆ ನಡೆಯಿರಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರ ಹೆಂಡತಿ, ನಮ್ಮೆಲ್ಲರ ಅಕ್ಕನಿಗೆ, ಅವರ ಮಗಳಿಗೆ, ಮೇಷ್ಟ್ರ ತಮ್ಮನಿಗೆ — ನಿಮಗೆ ಸಮಾಧಾನ ಹೇಳುವ ಶಕ್ತಿ ನನಗಿಲ್ಲ, ಕೈ ಮುಗಿಯುತ್ತೇನೆ, ಅಷ್ಟೇ. ನಮ್ಮ ಆಸ್ಪತ್ರೆಯ ಹಿರಿಯ ವೈದ್ಯರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ, ಊರುಗೋಲು ಹಿಡಿದು, ಗಾಲಿಕುರ್ಚಿಯಲ್ಲಿ ಕೂತು ಬಂದಿರುವ ಮೇಷ್ಟ್ರ ರೋಗಿಗಳಿಗೆ, ಜಾಗ ಸಿಗದೆ ಗೋಡೆಗೆ ಒರಗಿ ನಿಂತವರಿಗೆ — ಎಲ್ಲರಿಗೂ.

ನನಗಿಂತ ಮುಂಚೆ ಮಾತಾಡಿದವರು ಮೇಷ್ಟ್ರು ಅಗಲಿದರು ಅಂದರು. ನಮ್ಮನ್ನು ಬಿಟ್ಟು ಹೋದರು ಅಂದರು. ಕ್ಷಮಿಸಿ — ಮೇಷ್ಟ್ರು ಎಲ್ಲಿಗೂ ಹೋಗಲಿಲ್ಲ. ಅವರನ್ನು ಹೊಡೆದು ಕೊಂದರು. ನಮ್ಮ ಆಸ್ಪತ್ರೆಯ ಸ್ಕೂಟರ್ ನಿಲ್ಲಿಸುವ ಶೆಡ್ಡಿನಲ್ಲಿ, ಊಟದ ಹೊತ್ತಿನಲ್ಲಿ, ಹಾಡಹಗಲಲ್ಲಿ, ಹೆಲ್ಮೆಟ್ ಹಾಕಿಕೊಂಡ ಮೂವರು ಕಬ್ಬಿಣದ ಪೈಪಿನಿಂದ ಹೊಡೆದು ಕೊಂದರು. ಇಂಥ ಸಭೆಯಲ್ಲಿ ಹೀಗೆ ಮಾತಾಡಬಾರದು ಅಂತ ನನಗೂ ಗೊತ್ತು. ಆದರೆ ಮೆತ್ತಗಿನ ಮಾತು ನನಗೆ ಬರುವುದಿಲ್ಲ. ಮೇಷ್ಟ್ರೇ ಹೇಳುತ್ತಿದ್ದರು, “ಗೊಂಬೆಯಮ್ಮ, ಕಾಲಿಗೆ ಅಭ್ಯಾಸ ಹೇಳ್ಕೊಟ್ಟಿದ್ದೀನಿ, ಕೈಗೆ ಹೇಳ್ಕೊಟ್ಟಿದ್ದೀನಿ. ನಿಮ್ಮ ನಾಲಿಗೆಗೆ ಏನ್ ಹೇಳ್ಕೊಡ್ಲಿ ಅಂತ ಗೊತ್ತಾಗ್ತಿಲ್ಲ ಕಣ್ರೀ” ಅಂತ.

ಗೊಂಬೆಯಮ್ಮ ಅಂದರೆ ನಾನು. ಕಾಲು ಸೋತವರಿಗೆ ನಡೆಯಲು ಕಲಿಸುತ್ತಿದ್ದ ಅವರನ್ನು ಇಡೀ ಊರು ಹೆಜ್ಜೆ ಮೇಷ್ಟ್ರು ಅನ್ನುತ್ತಿತ್ತು. ನನಗೆ ಈ ಹೆಸರಿಟ್ಟವರು ಅವರು. ಯಾಕೆ ಅಂತ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಕೋಣೆಯನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಉದ್ದನೆಯ ಕೋಣೆ, ನಡುವೆ ಒಂದು ರಬ್ಬರ್ ಹಾಸು, ಮಗ್ಗುಲಲ್ಲಿ ಒಂದು ಕ್ಯಾಮೆರಾ, ಎದುರಿಗೆ ಒಂದು. ಪಾರ್ಶ್ವವಾಯು ಹೊಡೆದವರು, ಕೃತಕ ಕಾಲು ಹಾಕಿಸಿಕೊಂಡವರು, ಮೊಣಕಾಲು ಮುರಿದು ಕೂಡಿಸಿಕೊಂಡವರು ಆ ಹಾಸಿನ ಮೇಲೆ ನಡೆಯುತ್ತಾರೆ. ಹಿಂದೆಲ್ಲ ಮೈಮೇಲೆ ಹೊಳೆಯುವ ಗುಂಡು ಅಂಟಿಸಬೇಕಿತ್ತು. ಈಗ ಅದೆಲ್ಲ ಬೇಡ, ವಿಡಿಯೋ ಇದ್ದರೆ ಸಾಕು. ಭುಜ ಎಲ್ಲಿ, ಸೊಂಟ ಎಲ್ಲಿ, ಮೊಣಕಾಲು ಎಲ್ಲಿ, ಹಿಮ್ಮಡಿ ಎಲ್ಲಿ ಅಂತ ಕಂಪ್ಯೂಟರು ತಾನೇ ಹುಡುಕಿ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ಒಂದು ಕಡ್ಡಿಗೊಂಬೆ ಮಾಡುತ್ತದೆ. ಮನುಷ್ಯ ನಡೆದ ಹಾಗೆ ಆ ಗೊಂಬೆಯೂ ನಡೆಯುತ್ತದೆ. ಯಾವ ಕೀಲು ಎಷ್ಟು ಬಾಗಿತು ಅಂತ ಅದರಿಂದ ತಿಳಿಯುತ್ತದೆ. ಆ ಗೊಂಬೆ ಮಾಡಿಸುವವಳು ನಾನು, ಅದನ್ನು ಓದುತ್ತಿದ್ದವರು ಮೇಷ್ಟ್ರು.

ಆ ಕೋಣೆಯಲ್ಲಿ ಮೇಷ್ಟ್ರದು ಒಂದೇ ಒಂದು ಕಟ್ಟಪ್ಪಣೆ. “ಬಲಗೈ ಎತ್ತಿ, ಆಮೇಲೆ ನಡೀರಿ.” ಯಾರೇ ಬರಲಿ. ಮಗುವಾದರೂ ಅಷ್ಟೇ, ಆಸ್ಪತ್ರೆಯ ಮುಖ್ಯಸ್ಥರಾದರೂ ಅಷ್ಟೇ. ಯಾಕೆಂದರೆ ಮಗ್ಗುಲಿನಿಂದ ನೋಡಿದಾಗ ಎರಡು ಕಾಲೂ ಒಂದರ ಹಿಂದೊಂದು ಅಡಗುತ್ತವೆ, ಕಂಪ್ಯೂಟರು ಎಡ ಯಾವುದು ಬಲ ಯಾವುದು ಅಂತ ತಬ್ಬಿಬ್ಬಾಗುತ್ತದೆ. ಮೊದಲು ಬಲಗೈ ಎತ್ತಿಸಿದ್ದರೆ ಆಮೇಲೆ ತಾಳೆ ನೋಡಬಹುದು. ಗೊಂಬೆ ಎಡಗೈ ಎತ್ತಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ. ಕೈ ಎತ್ತದ ವಿಡಿಯೋವನ್ನು ಮೇಷ್ಟ್ರು ನೋಡುತ್ತಲೂ ಇರಲಿಲ್ಲ. ಅಳಿಸಿಬಿಡಿ ಅನ್ನುತ್ತಿದ್ದರು.

ಇಂಥ ಮನುಷ್ಯ ಒಂದು ಸಲ — ಅಕ್ಕ, ಇದನ್ನು ಹೇಳಿಬಿಡುತ್ತೇನೆ, ಬೈಕೋಬೇಡಿ — ಆಸ್ಪತ್ರೆಯ ವರಾಂಡದಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸಿನ ಬೆನ್ನ ಹಿಂದೆ ಹೋಗಿ, “ಏನೇ, ಮೊಬೈಲ್ ಮನೇಲೇ ಬಿಟ್ ಬಂದ್ಯಾ” ಅಂತ ಭುಜ ಹಿಡಿದು ತಿರುಗಿಸಿಬಿಟ್ಟರು. ತಿರುಗಿದರೆ ಯಾರೋ ಬೇರೆಯವರು. ಆ ಯಮ್ಮ ಕೈಚೀಲ ಬೀಸಿದ್ದು ಹೇಗೆ ಅಂತೀರಿ — ಹೀಗೆ — ಮೇಷ್ಟ್ರ ಕನ್ನಡಕ ಮೂರು ಚೂರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಷ್ಟ್ರು ಮಾತ್ರ ಗಂಭೀರವಾಗಿ ಹೇಳಿದರು, “ನಗಬೇಡಿ. ಇಷ್ಟು ವರ್ಷ ಜೊತೇಲಿ ನಡೆದ ಹೆಂಡತೀನೇ ನಡಿಗೇಲಿ ಗುರುತು ಹಿಡಿಯೋಕಾಗ್ಲಿಲ್ಲ. ನಡಿಗೆ ‘ಇವರಲ್ಲ’ ಅಂತ ಹೇಳಬಲ್ಲದು. ‘ಇವರೇ’ ಅಂತ ಹೇಳಲಾರದು.”

ಅಕ್ಕ ನಕ್ಕರು. ಒಳ್ಳೆಯದಾಯಿತು. ಮುಂದೆ ನಗುವಂಥದ್ದು ಏನೂ ಇಲ್ಲ.

ಪೆಟ್ರೋಲ್ ಬಂಕಿನ ಕ್ಯಾಷಿಯರ್ ಕೊಲೆಯಾದದ್ದು ನಿಮಗೆಲ್ಲ ಗೊತ್ತು. ಒಳ್ಳೆಯ ಹುಡುಗ. ಮದುವೆ ಗೊತ್ತಾಗಿತ್ತು. ಗಾಳಿ ತುಂಬುವ ಮೂಲೆಯಲ್ಲಿ ಅವನ ತಲೆಯನ್ನು ರಾಡಿನಿಂದ ಒಡೆದರು, ಒಂದೇಟಲ್ಲ, ಎರಡೇಟಲ್ಲ, ಮುಖದ ಗುರುತು ಸಿಗದ ಹಾಗೆ. ಹೊಡೆದವನು ಹೆಲ್ಮೆಟ್ ಹಾಕಿದ್ದ. ಬಂಕಿನ ಕ್ಯಾಮೆರಾದಲ್ಲಿ ಅವನು ನಡೆದು ಬಂದದ್ದು, ನಡೆದು ಹೋದದ್ದು ಇತ್ತು. ಇನ್ಸ್‌ಪೆಕ್ಟರು ಅದನ್ನು ನಮ್ಮ ಕೋಣೆಗೆ ತಂದರು. ನಾನು ಗೊಂಬೆ ಮಾಡಿದೆ. ಮೇಷ್ಟ್ರು ಓದಿದರು. ಬಲ ಮೊಣಕಾಲು ಬಾಗುತ್ತಿಲ್ಲ, ಬಲಗಾಲನ್ನು ಹೊರಗೆ ಬೀಸಿ ನಡೆಯುತ್ತಾನೆ ಅಂದರು. ಅಂಥ ಒಬ್ಬನ ಮೇಲೆ ಪೊಲೀಸರಿಗೆ ಆಗಲೇ ಕಣ್ಣಿತ್ತು — ನಮ್ಮ ವೆಲ್ಡರ್. ಏಣಿಯಿಂದ ಬಿದ್ದು ಬಲ ಮೊಣಕಾಲು ಪುಡಿಯಾಗಿ, ನಮ್ಮಲ್ಲೇ ನಡೆಯಲು ಕಲಿತವನು. ಕ್ಯಾಷಿಯರ್ ಜೊತೆ ಅವನಿಗೆ ಬೀದಿಯಲ್ಲಿ ಜಗಳವಾಗಿತ್ತು. ಅವನ ಹಳೆಯ ವಿಡಿಯೋದ ಗೊಂಬೆಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ನಡಿಗೆ. ಮೇಷ್ಟ್ರು ವರದಿಯಲ್ಲಿ ‘ಹೊಂದುತ್ತದೆ’ ಅಂತ ಬರೆದರು. ‘ಇವನೇ’ ಅಂತ ಬರೆಯಲಿಲ್ಲ. ಆದರೆ ಹೊಂದುತ್ತದೆ ಅನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ಏನಾಗುತ್ತದೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು.

ಆ ಸಂಜೆ ಏನಾಯಿತು ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಕೆಲವರು ಅಲ್ಲಿದ್ದಿರಿ. ತಲೆ ತಗ್ಗಿಸಬೇಡಿ, ನಾನು ಬೆರಳು ತೋರಿಸುವುದಿಲ್ಲ. ವೆಲ್ಡರನನ್ನು ಅವನ ಶೆಡ್ಡಿನಿಂದ ಕೂದಲು ಹಿಡಿದು ಎಳೆದು ತಂದರು. ಬಿದ್ದವರಿಗೆ ಆಳಿಗೊಂದು ಕಲ್ಲು. ಒಬ್ಬ ಅವನ ಒಳ್ಳೆಯ ಕಾಲನ್ನು, ಎಡಗಾಲನ್ನು, ಕಲ್ಲಿನ ಮೇಲಿಟ್ಟು ತುಳಿದ. ಮುರಿದ ಸದ್ದು ರಸ್ತೆಯ ಆಚೆಯ ಅಂಗಡಿಗೆ ಕೇಳಿಸಿತಂತೆ. ಶೆಡ್ಡಿಗೆ ಬೆಂಕಿ ಹಚ್ಚಿದರು, ಗ್ಯಾಸ್ ಸಿಲಿಂಡರ್ ಸಿಡಿದು ಪಕ್ಕದ ಮನೆಯ ಕಿಟಕಿಗಳೆಲ್ಲ ಹೋದವು. ಪೊಲೀಸರು ಬಂದು ಅವನನ್ನು ಆ ಜನರಿಂದ ಬಿಡಿಸಿ ಜೈಲಿಗೆ ಹಾಕಿದರು. ಇವತ್ತಿಗೂ ಅವನು ಅಲ್ಲೇ ಇದ್ದಾನೆ. ಅವನ ಹೆಂಡತಿ ಈ ಸಭೆಗೆ ಬಂದಿದ್ದಾಳೆ. ಯಾರೂ ತಿರುಗಿ ನೋಡಬೇಡಿ.

— ಸ್ವಲ್ಪ ನೀರು ಕೊಡಿ.

ಆಮೇಲೆ ಒಂದು ದಿನ ಮೇಷ್ಟ್ರು ಸ್ಕೂಟರಿಗೆ ಗಾಳಿ ತುಂಬಿಸಲು ಅದೇ ಬಂಕಿಗೆ ಹೋದರು. ಗಾಳಿ ತುಂಬುವವನು ಆಫೀಸಿನ ಒಳಗಿದ್ದ. ಇವರು ಕೈ ಎತ್ತಿ ಕರೆದರು. ಯಾವ ಕೈ? ನಮ್ಮ ಮೇಷ್ಟ್ರಲ್ಲವೇ, ಬಲಗೈ. ಎಡ ಹೆಗಲಿಗೆ ಚೀಲ, ಬಲಗೈ ಮೇಲೆ. ಆಫೀಸಿನ ಗಾಜಿನ ಒಳಗೆ ಕ್ಯಾಮೆರಾದ ಪರದೆ ಕಾಣುತ್ತಿತ್ತು. ಪರದೆಯ ಮೇಲಿನ ಮೇಷ್ಟ್ರ ಚೀಲ ಬಲ ಹೆಗಲಲ್ಲಿತ್ತು. ಎತ್ತಿದ್ದು ಎಡಗೈ.

ಆ ಕ್ಯಾಮೆರಾ ಹಾಕಿದವನು ಯಾವುದೋ ಗುಂಡಿ ಒತ್ತಿ, ಚಿತ್ರ ಕನ್ನಡಿಯ ಹಾಗೆ ತಿರುಗುಮುರುಗಾಗಿ ಬರುವಂತೆ ಬಿಟ್ಟು ಹೋಗಿದ್ದ. ಅದು ತೋರುತ್ತಿದ್ದ ಕಡೆ ಬರೀ ಸುಣ್ಣದ ಗೋಡೆ, ಓದಲು ಒಂದಕ್ಷರವೂ ಇಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಕೊಲೆ ಮಾಡಿದವನು ಬೀಸಿ ನಡೆದದ್ದು ಎಡಗಾಲನ್ನು. ವೆಲ್ಡರನಿಗೆ ಆವತ್ತು ಎಡಗಾಲು ಗಟ್ಟಿಮುಟ್ಟಾಗಿತ್ತು. ಇದೇ ಊರಿನವರು ಅದನ್ನು ಮುರಿದದ್ದು ಆಮೇಲೆ.

ಮೇಷ್ಟ್ರು ಗಾಳಿ ತುಂಬಿಸಲೇ ಇಲ್ಲ. ಸ್ಕೂಟರು ತಳ್ಳಿಕೊಂಡು ಆಸ್ಪತ್ರೆಗೆ ಬಂದರು. ನಮ್ಮ ಕೋಣೆಯ ಕುರ್ಚಿಯಲ್ಲಿ ಕೂತು, “ಗೊಂಬೆಯಮ್ಮ, ಕೊಲೆ ಮಾಡೋಕೆ ಬಂದವನು ಬಲಗೈ ಎತ್ತಿ ನಡೀತಾನಾ? ಎತ್ತಿರಲಿಲ್ಲ. ಎತ್ತದ ವಿಡಿಯೋನ ನಾನು ಯಾಕ್ರೀ ಓದಿದೆ” ಅಂದರು. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಮೇಷ್ಟ್ರೇ ಅಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ನಾನು ಎಡವಿದೆ, ಬಿದ್ದವನು ಬೇರೆ ಅಂದರು.

ಆ ಹೊತ್ತಿಗೇ ಇನ್ಸ್‌ಪೆಕ್ಟರ ಹತ್ತಿರ ಹೋದರು. ಅವರು, ವರದಿ ನ್ಯಾಯಾಲಯಕ್ಕೆ ಹೋಗಿದೆ, ಇನ್ನು ನೀವೇ ಕಟಕಟೆಯಲ್ಲಿ ನಿಂತು ಹೇಳಬೇಕು ಅಂದರು. ಹೇಳುತ್ತೇನೆ ಅಂದರು ಮೇಷ್ಟ್ರು. ಕೊಲೆಗಾರನನ್ನು ಬಿಡಿಸಲು ಮೇಷ್ಟ್ರು ಹೊರಟಿದ್ದಾರೆ ಅಂತ ಸುದ್ದಿ ಹಬ್ಬಿತು. ಮನೆಗೆ ಫೋನು ಬರತೊಡಗಿತು. ಒಬ್ಬ ಬೈದ. ಇನ್ನೊಬ್ಬ ಅಕ್ಕನಿಗೆ, ನಿಮ್ಮ ಯಜಮಾನರ ಕಾಲು ಎರಡೂ ಸರಿಯಾಗಿದೆಯಾ ಅಂತ ಕೇಳಿದ. ಹೌದಲ್ಲ ಅಕ್ಕ? ಈ ತಮ್ಮ ಅಣ್ಣನ ಕಾಲು ಹಿಡಿದು ಬೇಡಿಕೊಂಡ, ಸುಮ್ಮನಿದ್ದುಬಿಡು ಅಂತ. ತಮ್ಮನದು ತಪ್ಪಲ್ಲ. ನಾನೂ ಅದನ್ನೇ ಹೇಳಿದ್ದೆ.

ಮರುದಿನ ನ್ಯಾಯಾಲಯಕ್ಕೆ ಹೋಗಬೇಕು. ಆವತ್ತು ಊಟಕ್ಕೆ ಅಂತ ಕೆಳಗಿಳಿದರು. ನಾನು ಮೇಲೆ ಕಿಟಕಿಯಲ್ಲಿದ್ದೆ. ಅವರು ಓಡಲಿಲ್ಲ. ಓಡಲು ಬಿಡಲೇ ಇಲ್ಲ. ಮೊದಲ ಏಟೇ ಮೊಣಕಾಲಿಗೆ. ಎರಡನೆಯದು ಇನ್ನೊಂದು ಮೊಣಕಾಲಿಗೆ. ಎಷ್ಟೋ ಜನರ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ ನಡೆಸಿದ ಮನುಷ್ಯ. ಮೊಣಕಾಲು ನೋಡಿಯೇ ಹೊಡೆದರು. ನಾನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ತಲೆಗೆ ಹೊಡೆದು ಮುಗಿಸಿದ್ದರು. ಊಟದ ಡಬ್ಬಿ ತೆರೆದುಕೊಂಡು ಬಿದ್ದಿತ್ತು. ಅನ್ನದ ಮೇಲೆ ರಕ್ತ. ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡೆ, ಎಲ್ಲಿ ಒತ್ತಿ ಹಿಡಿಯಬೇಕೋ ತಿಳಿಯಲಿಲ್ಲ, ಒತ್ತಿದ ಕಡೆಯೆಲ್ಲ ಮೆತ್ತಗಿತ್ತು.

ಸ್ಕೂಟರ್ ಶೆಡ್ಡಿನ ಕ್ಯಾಮೆರಾದಲ್ಲಿ ಅಷ್ಟೂ ಇದೆ. ಪೊಲೀಸರು ಅದನ್ನೂ ನನಗೇ ತಂದುಕೊಟ್ಟರು. ಬೇರೆ ಯಾರು ಮಾಡುತ್ತಾರೆ? ಮಾಡಿದೆ. ಆ ಮೂವರಿಗೂ ಗೊಂಬೆ ಬಂತು. ಮೇಷ್ಟ್ರಿಗೂ ಬಂತು — ಕಂಪ್ಯೂಟರಿಗೆ ಏನು ಗೊತ್ತು? ಅವರು ಬಿದ್ದ ಮೇಲೂ ಅದು ಚುಕ್ಕಿ ಇಡುತ್ತಲೇ ಇತ್ತು. ಭುಜ, ಸೊಂಟ, ಮೊಣಕಾಲು. ಮೊಣಕಾಲು ಯಾವ ಮನುಷ್ಯನಿಗೂ ಬಾಗದ ಕಡೆಗೆ ಬಾಗಿತ್ತು. ಅದಕ್ಕೂ ಅದು ಗೆರೆ ಎಳೆಯಿತು. ಕೊನೆಗೆ ಏನೂ ಅಲ್ಲಾಡಲಿಲ್ಲ, ಆಗಲೂ ಎಳೆಯುತ್ತಿತ್ತು. ನಾನು ಕೋಣೆಯ ಕುರ್ಚಿ ಎತ್ತಿ ಪರದೆಗೆ ಹೊಡೆದೆ. ಆಸ್ಪತ್ರೆಯವರು ಕ್ಷಮಿಸಬೇಕು, ಆ ಪರದೆ ತಾನಾಗಿ ಬಿದ್ದು ಒಡೆದದ್ದಲ್ಲ.

ನನಗೂ ಕೊಲ್ಲಬೇಕು ಅನ್ನಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಆ ಮೂವರಲ್ಲಿ ಗಿಡ್ಡನೆಯವನು ಹೆಜ್ಜೆ ಹೊರಳಿಸಿ ನಡೆಯುತ್ತಾನೆ, ನಿದ್ದೆಯಲ್ಲೂ ನನಗೆ ಆ ಹೆಜ್ಜೆ ಕಾಣುತ್ತದೆ. ರಸ್ತೆಯಲ್ಲಿ ಯಾರಾದರೂ ಹಾಗೆ ನಡೆದರೆ ನನ್ನ ಹಲ್ಲು ಕಟಕಟ ಅನ್ನುತ್ತದೆ. ಮೊನ್ನೆ ಔಷಧಿ ಅಂಗಡಿಯ ಮುಂದೆ ಕಂಡ ಒಬ್ಬನ ಹಿಂದೆ ಎರಡು ಬೀದಿ ಹೋದೆ. ಕೈಯಲ್ಲಿ ಕಲ್ಲಿತ್ತು. ಅವನು ಒಂದು ಮನೆಯ ಬಾಗಿಲು ತಟ್ಟಿದ, ಒಂದು ಮಗು ಬಂದು ಅವನ ಕಾಲು ತಬ್ಬಿಕೊಂಡಿತು. ಯಾರವನು? ನನಗೇನು ಗೊತ್ತು! ಹಾಗೆ ನಡೆಯುವವರು ಈ ಊರಲ್ಲಿ ಇನ್ನೂರು ಜನ ಇದ್ದಾರು.

ಈಗ ತಮ್ಮನ ಹತ್ತಿರ ಒಂದು ಮಾತು.

ತಮ್ಮ, ನೀನು ನಮ್ಮ ಕೋಣೆಗೆ ಬಂದು ಕೇಳಿದ್ದು ನೆನಪಿದೆ. “ಮೇಡಂ, ನಿಮ್ಮ ಗೊಂಬೆ ಜೊತೆ ಹೊಂದಿಸಿ ಒಂದೇ ಒಂದು ಹೆಸರು ಹೇಳಿ. ಮಿಕ್ಕಿದ್ದು ನಾನು ನೋಡ್ಕೋತೀನಿ.” ಅದಕ್ಕೆ ಉತ್ತರ ಈಗ ಕೊಡುತ್ತೇನೆ. ಇವತ್ತು ಸಭೆಗೆ ಬಂದೆ. ಬಾಗಿಲಿಂದ ಒಳಕ್ಕೆ ಉದ್ದಕ್ಕೆ ಒಂದು ಕಾರ್ಪೆಟ್ ಹಾಸಿದೆ. ಅಣ್ಣನಿಗೆ ಎಂಥ ಗೌರವ ಅಂದುಕೊಂಡೆ. ಅದರ ಮೇಲೆ ನಡೆದು ಬರುವಾಗ ಅರ್ಧದಲ್ಲಿ ಕಾಲು ನಿಂತಿತು. ಆ ಅಗಲ ನಮ್ಮ ರಬ್ಬರ್ ಹಾಸಿನ ಅಗಲ. ಎಡಕ್ಕೆ ನೋಡಿದೆ — ಹೂವಿನ ಕುಂಡದ ಹಿಂದೆ, ಸೊಂಟದ ಎತ್ತರದಲ್ಲಿ, ಕ್ಯಾಮೆರಾ. ಎದುರಿಗೆ ಮೇಷ್ಟ್ರ ಫೋಟೋದ ಕೆಳಗೆ ಇನ್ನೊಂದು. ನಮ್ಮ ಕೋಣೆಯನ್ನೇ ಇಲ್ಲಿ ಎಬ್ಬಿಸಿದ್ದೀಯ. ಕ್ಯಾಷಿಯರನ ಮನೆಯವರನ್ನೂ ಸಭೆಗೆ ಕರೆದೆಯಲ್ಲ, ದೊಡ್ಡ ಮನಸ್ಸು ಅಂತ ಎಲ್ಲರೂ ಹೊಗಳಿದರು. ಯಾಕೆ ಕರೆದೆ ಅಂತ ನನಗೀಗ ಗೊತ್ತಾಯಿತು. ಬಂದಿದ್ದಾರೆ. ನಡೆದೇ ಬಂದಿದ್ದಾರೆ.

— ಗಲಾಟೆ ಬೇಡ. ಯಾರೂ ಏಳಬೇಡಿ. ಬಾಗಿಲ ಕಡೆ ಹೋಗಬೇಡಿ. ದಯವಿಟ್ಟು. ಕೂತುಕೊಳ್ಳಿ.

— ತಮ್ಮ ಎದ್ದು ನಿಂತಿದ್ದಾನೆ. ಅವನನ್ನು ಹಿಡಿದು ಕೂರಿಸಬೇಡಿ. ಅವನ ಕೈ ಬಿಡಿ. ನಿಲ್ಲಲಿ. ನಿಂತೇ ಕೇಳಲಿ.

ಕೇಳು ತಮ್ಮ. ನೀನು ಗ್ಯಾರೇಜಿನಲ್ಲಿ ಒಂದು ರಾಡಿನ ತುದಿ ಉಜ್ಜಿ ಇಟ್ಟಿರೋದು ನಿನ್ನ ಅತ್ತಿಗೆಗೆ ಗೊತ್ತು. ಅವರೇ ನನಗೆ ಹೇಳಿದ್ದು. ಗಂಡ ಹೋದ, ಮೈದುನನೂ ಹೋದರೆ ನನಗೆ ಯಾರಿದ್ದಾರೆ ಅಂತ ಅತ್ತರು. ನಾನು ಇವತ್ತು ಒಂದು ಹೆಸರು ಹೇಳಿದರೆ ನೀನು ಈ ಸಂಜೆಯೇ ಹೋಗುತ್ತೀಯ. ನನಗೆ ಗೊತ್ತು. ಹೋಗಿ, ನಿನ್ನ ಅಣ್ಣನ ಮೊಣಕಾಲಿಗೆ ಮಾಡಿದ್ದನ್ನು ಯಾರದೋ ಮೊಣಕಾಲಿಗೆ ಮಾಡುತ್ತೀಯ. ಆಮೇಲೆ ಅವನಲ್ಲ ಅಂತ ಗೊತ್ತಾದರೆ? ಆಗ ಯಾರನ್ನು ಕರೆದು ಹೇಳಿಸುತ್ತೀಯ? ‘ನಾನು ತಪ್ಪಿದೆ’ ಅಂತ ಹೇಳಲು ಹೊರಟ ಒಬ್ಬನೇ ಒಬ್ಬ ಮನುಷ್ಯನನ್ನು ಈ ಊರು ಕೊಂದುಹಾಕಿತು. ಇನ್ನೊಬ್ಬ ಸಿಗುವುದಿಲ್ಲ.

ಆ ಪೈಪಿನ ಮೇಲೆ ಬೆರಳ ಗುರುತಿದೆ. ಗೇಟಿನಲ್ಲಿ ಬೈಕು ನೋಡಿದವರಿದ್ದಾರೆ. ಅದನ್ನೆಲ್ಲ ಬೆನ್ನುಹತ್ತುವುದು ಪೊಲೀಸರ ಕೆಲಸ, ಅವರು ನಿದ್ದೆ ಮಾಡಿದರೆ ಠಾಣೆಯ ಮುಂದೆ ಕೂತು ಎಬ್ಬಿಸುವುದು ನನ್ನ ಕೆಲಸ. ನನ್ನ ನಾಲಿಗೆ ನಿನಗೆ ಗೊತ್ತು. ಬಿಡುವವಳಲ್ಲ ನಾನು. ಆ ಮೂವರಲ್ಲಿ ಯಾರಾದರೂ ಈ ಕುರ್ಚಿಗಳಲ್ಲಿ ಕೂತಿದ್ದರೆ ನೀವೂ ಕೇಳಿಸಿಕೊಳ್ಳಿ — ಬಿಡುವವಳಲ್ಲ. ಮತ್ತೆ ಮುಂದೆ ಹಾಕಿದ ವಿಚಾರಣೆ ನಾಳೆ ಇದೆ, ನ್ಯಾಯಾಲಯದಲ್ಲಿ ಮೇಷ್ಟ್ರು ನಿಲ್ಲಬೇಕಾಗಿದ್ದ ಜಾಗದಲ್ಲಿ ನಾನು ನಿಲ್ಲುತ್ತೇನೆ. ಬಂಕಿನ ಕ್ಯಾಮೆರಾ ತಿರುಗುಮುರುಗು ಅಂತ ಹೇಳುತ್ತೇನೆ. ವೆಲ್ಡರ್ ಅಲ್ಲ ಅಂತ ಹೇಳುತ್ತೇನೆ. ನನ್ನ ಮೊಣಕಾಲು ಎರಡೂ ಸದ್ಯಕ್ಕೆ ಸರಿಯಾಗಿವೆ, ಫೋನ್ ಮಾಡಿ ಕೇಳುವ ಕಷ್ಟ ಯಾರಿಗೂ ಬೇಡ. ಭಯ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಇನ್ನು ನಿನ್ನ ಈ ಕ್ಯಾಮೆರಾ. ಬೆಳಿಗ್ಗೆಯಿಂದ ಓಡುತ್ತಿದೆ, ಬಂದವರೆಲ್ಲರ ನಡಿಗೆ ಅದರಲ್ಲಿದೆ. ನಾಳೆ ಅದನ್ನು ತಂದು ನನ್ನ ಮೇಜಿನ ಮೇಲಿಡುತ್ತೀಯ. ತಮ್ಮ, ನಿನ್ನ ಅಣ್ಣನ ಕೋಣೆಯ ಕಟ್ಟಪ್ಪಣೆ ಏನು? ನೀನೇ ಹೇಳು. ಒಳಗೆ ಬಂದವರಲ್ಲಿ ಒಬ್ಬರಾದರೂ ಬಲಗೈ ಎತ್ತಿದರಾ? ನಾನು ಎತ್ತಲಿಲ್ಲ. ನೀನೂ ಎತ್ತಲಿಲ್ಲ. ಕೈ ಎತ್ತದ ವಿಡಿಯೋವನ್ನು ನಾನು ಓದುವುದಿಲ್ಲ. ಮೇಷ್ಟ್ರು ಒಂದೇ ಒಂದು ಸಲ ಓದಿದರು. ಅದರ ಬೆಲೆ ಏನು ಅಂತ ಆ ಫೋಟೋ ನೋಡಿದರೆ ಸಾಕು.

ಕ್ಯಾಮೆರಾ ಆರಿಸು ಅಂತಲೂ ನಾನು ಹೇಳುವುದಿಲ್ಲ. ಓಡಲಿ ಬಿಡು. ಇಷ್ಟು ಹೊತ್ತು ಅದು ನಡೆಯುವವರನ್ನು ನೋಡಿತು. ಇನ್ನು ನಿಂತವರನ್ನು ನೋಡಲಿ. ಅಲ್ಲಾಡದೆ ನಿಂತವರ ಬಗ್ಗೆ ಅದು ಏನೂ ಹೇಳಲಾರದು — ಯಾರು ಕುಂಟ, ಯಾರು ನೆಟ್ಟಗೆ, ಯಾರು ಹೊಡೆದವರು, ಯಾರು ಹೊಡೆಸಿಕೊಂಡವರು, ಏನೂ ತಿಳಿಯುವುದಿಲ್ಲ ಅದಕ್ಕೆ.

ಬಂಧುಗಳೇ, ಮೇಷ್ಟ್ರಿಗಾಗಿ ಒಂದು ನಿಮಿಷ ಮೌನ. ಗಾಲಿಕುರ್ಚಿಯಲ್ಲಿರುವವರು ಕೂತೇ ಇರಿ, ಮೇಷ್ಟ್ರು ಬೇಜಾರು ಮಾಡಿಕೊಳ್ಳುವುದಿಲ್ಲ. ಕ್ಯಾಷಿಯರನ ತಾಯಿ ಎಲ್ಲಿದ್ದೀರಿ, ನಿಮ್ಮ ಮಗನಿಗೂ ಸೇರಿಸಿ. ವೆಲ್ಡರನ ಹೆಂಡತಿ, ನೀನೂ ಏಳಮ್ಮ. ಮೇಷ್ಟ್ರ ತಮ್ಮ ಆಗಲೇ ಎದ್ದು ನಿಂತಿದ್ದಾನೆ. ಅವನೊಬ್ಬನೇ ನಿಂತಿದ್ದಾನೆ. ಅವನ ಜೊತೆ ನಾವೆಲ್ಲರೂ ನಿಲ್ಲೋಣ.

ಎದ್ದು ನಿಲ್ಲಿ. ಮಾತು ಬೇಡ.